ಹೆಸರಿನ ಜಾಗದಲ್ಲಿ ಅಪ್ಪಣೆ!

2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಕಂಪೆನಿಯ ಸುಮಾರು 1,57,000 ಗ್ರಾಹಕರ ವಿವರ ಕಳುವಾಯಿತು. ಕಳ್ಳರ ಉಪಾಯ ಹಳೆಯದೇ, ಎಸ್‌ಕ್ಯೂಎಲ್ ಇಂಜೆಕ್ಷನ್. ವೆಬ್ ಪುಟದಲ್ಲಿ ಹೆಸರು ತುಂಬುವ ಜಾಗದಲ್ಲಿ ಯಾರಾದರೂ ಡೇಟಾಬೇಸಿಗೆ ಅಪ್ಪಣೆಯನ್ನೇ ಬರೆದರೆ, ಎಚ್ಚರವಿಲ್ಲದ ಪ್ರೋಗ್ರಾಮು ಅದನ್ನೂ ಒಳಕ್ಕೆ ದಾಟಿಸುತ್ತದೆ. ಡೇಟಾಬೇಸು ಶಿರಸಾವಹಿಸಿ ಪಾಲಿಸುತ್ತದೆ!

ಇದಕ್ಕೆ ಮದ್ದು ಸುಲಭ. ವಿದ್ಯಾರ್ಥಿಗಳೇ, ಪ್ರೋಗ್ರಾಮು ಬರೆಯುವಾಗ ಅಪ್ಪಣೆಯ ವಾಕ್ಯವನ್ನು ಮೊದಲೇ ಸಿದ್ಧಪಡಿಸಿಡಿ. ಬಳಸುವವರು ತುಂಬಿದ್ದನ್ನು ಅದಕ್ಕೆ ಅಂಟಿಸದೆ, ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸಿ. ಆಗ ಅದು ಬರೀ ಅಕ್ಷರ, ಅಪ್ಪಣೆಯಲ್ಲ.

ಈ ಅಜಾಗರೂಕತೆಗಾಗಿ 2016ರಲ್ಲಿ ಕಂಪೆನಿಗೆ ಬಿದ್ದ ದಂಡ 4 ಲಕ್ಷ ಪೌಂಡ್. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವರಲ್ಲಿ 17ರ ಹುಡುಗನೂ ಇದ್ದ! ಪಾಲಕರೇ, ಮಕ್ಕಳ ಕುತೂಹಲವನ್ನು ಚಿವುಟಬೇಡಿ. ಪರೀಕ್ಷೆ ತಾವೇ ಬರೆದ ಪ್ರೋಗ್ರಾಮಿನ ಮೇಲಿರಲಿ. ಪರರ ಬಾಗಿಲ ಮೇಲೆ ಬೇಡ.