ಹತ್ತನೆಯ ಬಾರಿಯ ಬ್ರೇಕು

ವೇಗಕ್ಕೆಂದೇ ನಿರ್ಮಿತವಾದ ಕಾರನ್ನು ಕೊಳ್ಳಹೊರಟವನು, ಎಂಜಿನ್ನಿನ ಬಲ, ಮೈಬಣ್ಣ, ಆಸನದ ಚರ್ಮ ಇವೆಲ್ಲವನ್ನೂ ನಿಶ್ಚಯಿಸಿಕೊಂಡ ಬಳಿಕ, ಕಡೆಗೆ ಬ್ರೇಕಿನ ವಿಚಾರಕ್ಕೆ ಬಂದು ತಡೆದು ನಿಲ್ಲುತ್ತಾನೆ. ಜರ್ಮನಿಯ ಪೋರ್ಶೆ ಕಂಪೆನಿಯು 2001ರಲ್ಲಿ ತನ್ನ 911 ಜಿಟಿ2 ಕಾರಿಗೆ ಕಾರ್ಬನ್-ಸೆರಾಮಿಕ್ ಡಿಸ್ಕುಗಳನ್ನು ತೊಡಿಸಿದಂದಿನಿಂದ ಈ ವಿಚಾರ ಇನ್ನಷ್ಟು ಜಟಿಲವಾಗಿದೆ. ಎರಕದ ಕಬ್ಬಿಣದ ಡಿಸ್ಕಿನಿಂದಲೇ ತೃಪ್ತನಾಗಬೇಕೆ, ಅಥವಾ ಅದರ ಅರ್ಧದಷ್ಟು ಮಾತ್ರ ತೂಗುವ ಈ ನೂತನ ಪದಾರ್ಥಕ್ಕಾಗಿ ಸಾವಿರಾರು ಡಾಲರುಗಳನ್ನು ಬೇರೆಯಾಗಿ ತೆರಬೇಕೆ? ಅಷ್ಟು ಬೆಲೆಯ ಕಾರು ಎಟುಕದವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಎಂಜಿನ್ನನ್ನು ರೀಮ್ಯಾಪ್ ಮಾಡಿಸಿ ಬಲ ಹೆಚ್ಚಿಸಿಕೊಂಡ ತರುಣನೂ ದೊಡ್ಡ ಡಿಸ್ಕು, ಅದನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರು ಇವುಗಳ ಮುಂದೆ ನಿಂತು ಇದೇ ಲೆಕ್ಕ ಹಾಕುತ್ತಾನೆ. ಮಾರುವವನ ಮಾತು ಎರಡು ಕಡೆಯೂ ಒಂದೇ: ಪ್ರಾಣಕ್ಕಿಂತ ಹಣ ಹೆಚ್ಚೆ? ಈ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಲ್ಲ. ಆದಕಾರಣವೇ ಅದನ್ನು ಸಾವಧಾನವಾಗಿ ಪರೀಕ್ಷಿಸತಕ್ಕದ್ದು. ಪ್ರಾಣರಕ್ಷಣೆಯ ಹೆಸರಿನಲ್ಲಿ ತೆತ್ತ ಹಣ ಆ ಕಾರ್ಯಕ್ಕೆ ಒದಗದ ಕಡೆ ವ್ಯಯವಾಗಿ, ಒದಗುವ ಕಡೆಗೆ ಏನೂ ಮಿಗದೆ ಹೋದರೆ, ನಷ್ಟದೊಡನೆ ಅಪಾಯವೂ ಕೂಡಿಬರುತ್ತದೆ.

ಓಡುವ ಕಾರನ್ನು ಕಟ್ಟಕಡೆಗೆ ನಿಲ್ಲಿಸುವುದು ಟಯರು ಎಂಬುದನ್ನು ಮೊದಲು ಮನಗಾಣಬೇಕು. ಬ್ರೇಕು ಚಕ್ರವನ್ನು ತಡೆಯುತ್ತದೆ. ಗಾಡಿಯನ್ನು ತಡೆಯುವುದು, ಅಂಗೈಯಗಲದ ನಾಲ್ಕು ತಾಣಗಳಲ್ಲಿ ರಬ್ಬರಿಗೂ ರಸ್ತೆಗೂ ಇರುವ ಹಿಡಿತ. ಇಂದಿನ ಸಾಧಾರಣ ಕಾರಿನ ಬ್ರೇಕು ಸಹ, ಕಾಲನ್ನು ಬಲವಾಗಿ ಊರಿದರೆ, ಚಕ್ರವನ್ನು ಕಚ್ಚಿಹಿಡಿದು, ಅದು ಪೂರ್ತಿ ನಿಂತು ಜಾರದಂತೆ ಕಾಯುವ ಎಬಿಎಸ್ ಸಾಧನ ಕೆಲಸಕ್ಕೆ ತೊಡಗುವಂತೆ ಮಾಡುವಷ್ಟು ಸಮರ್ಥವಾಗಿದೆ. ಆ ಕ್ಷಣಕ್ಕೆ ಬ್ರೇಕಿನ ಶಕ್ತಿ ಟಯರಿನ ಶಕ್ತಿಯನ್ನು ಮೀರಿಯಾಯಿತು, ಅದಕ್ಕೆ ಇನ್ನಷ್ಟು ಕೂಡಿಸಿ ಫಲವಿಲ್ಲ. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟಯರಿನ ಘರ್ಷಣಾಂಕವನ್ನು ಒಂದೆಂದು ಹಿಡಿದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಗಾಡಿ ನಿಲ್ಲಲು ಸುಮಾರು 39 ಮೀಟರ್ ಬೇಕಾಗುತ್ತದೆ. ಈ ಲೆಕ್ಕದೊಳಗೆ ವೇಗ ಬರುತ್ತದೆ, ಹಿಡಿತ ಬರುತ್ತದೆ, ಡಿಸ್ಕಿನ ವ್ಯಾಸವಾಗಲಿ ಪಿಸ್ಟನ್ನುಗಳ ಸಂಖ್ಯೆಯಾಗಲಿ ಎಲ್ಲಿಯೂ ಬರುವುದಿಲ್ಲ. ಮಳೆಯಲ್ಲಿ ತೊಯ್ದ ರಸ್ತೆಯ ಮೇಲೆ ಸವೆದ ಟಯರಿನಿಂದ ಓಡುವ ಕಾರಿಗೆ ಜಗತ್ತಿನ ಅತ್ಯುತ್ಕೃಷ್ಟ ಬ್ರೇಕನ್ನು ಜೋಡಿಸಿದರೂ ಅದು ನಿಲ್ಲುವ ದೂರ ಒಂದು ಗೇಣೂ ಕುಗ್ಗದು.

ಹಾಗಾದರೆ ದೊಡ್ಡ ಬ್ರೇಕಿನಿಂದ ಪ್ರಯೋಜನವೇ ಇಲ್ಲವೆ? ಉಂಟು; ಆದರೆ ಅದು ಬೇರೊಂದು ಬಗೆಯದು. ಬ್ರೇಕಿನ ಧರ್ಮವೆಂದರೆ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ವೇಗ ಎರಡರಷ್ಟಾದರೆ ಈ ಶಾಖ ನಾಲ್ಕರಷ್ಟಾಗುತ್ತದೆ. 1,500 ಕಿಲೋಗ್ರಾಂ ತೂಕದ ಕಾರೊಂದು ರೇಸ್ ಟ್ರ್ಯಾಕಿನ ನೇರ ಹಾದಿಯ ಕೊನೆಯಲ್ಲಿ ಗಂಟೆಗೆ 200 ಕಿಲೋಮೀಟರಿನಿಂದ 80ಕ್ಕೆ ಇಳಿಯಿತೆನ್ನೋಣ. ಆಗ ಹುಟ್ಟುವ ಶಾಖ ಸುಮಾರು 19 ಲಕ್ಷ ಜೂಲ್. ಅದರ ಹೆಚ್ಚು ಪಾಲು ಮುಂದಿನ ಚಕ್ರಗಳಿಗೆ ಸಲ್ಲುವುದರಿಂದ, ಮುಂದಿನ ಡಿಸ್ಕು ಒಂದೊಂದೂ 10 ಕಿಲೋಗ್ರಾಮಿನದಾದರೆ, ಒಂದೇ ತಿರುವಿಗೆ ಅದರ ಕಾವು ನೂರು ಡಿಗ್ರಿಗೂ ಮೀರಿ ಏರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಎದುರಾಗುತ್ತದೆ. ಹಂಡೆ ದೊಡ್ಡದಾದಷ್ಟೂ ನೀರು ಕಾಯಲು ಹೊತ್ತು ಹಿಡಿಯುವಂತೆ, ಡಿಸ್ಕು ದಪ್ಪವೂ ವಿಶಾಲವೂ ಆದಷ್ಟೂ ಬಿಸಿಯೇರುವುದು ನಿಧಾನವಾಗುತ್ತದೆ, ಗಾಳಿಗೆ ಒಡ್ಡಿಕೊಂಡು ಆರುವುದು ಬೇಗವಾಗುತ್ತದೆ. ಮೊದಲನೆಯ ಸಲ ಎಲ್ಲ ಬ್ರೇಕುಗಳೂ ಸರಿಸುಮಾರು ಸಮಾನ. ದುಬಾರಿ ಬ್ರೇಕಿಗೆ ನಾವು ತೆರುವ ಬೆಲೆ ಹತ್ತನೆಯ ಸಲಕ್ಕೆ, ಇಪ್ಪತ್ತನೆಯ ಸಲಕ್ಕೆ.

ಮೋಟಾರಿನ ಇತಿಹಾಸವೂ ಇದಕ್ಕೆ ಸಾಕ್ಷಿಯಾಗಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಷ್ಟು ಹಿಂದೆಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಅದರ ಮಹತ್ತ್ವ ಲೋಕವಿದಿತವಾದದ್ದು ಅರ್ಧ ಶತಮಾನದ ಬಳಿಕ, ಫ್ರಾನ್ಸಿನ ಲೆ ಮಾನ್ಸಿನಲ್ಲಿ. 1953ರ 24 ಗಂಟೆಗಳ ಆ ಪಂದ್ಯದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ನಡೆಸಿದ ಜಾಗ್ವಾರ್ ಸಿ-ಟೈಪ್ ಕಾರು ಡನ್ಲಪ್ ಕಂಪೆನಿಯ ಡಿಸ್ಕ್ ಬ್ರೇಕುಗಳನ್ನು ಧರಿಸಿ, ಗಂಟೆಗೆ ಸುಮಾರು 170 ಕಿಲೋಮೀಟರ್ ಸರಾಸರಿಯಿಂದ ಗೆದ್ದಿತು. ಅಲ್ಲಿನ ಮುಲ್ಸಾನಿನ ನೇರ ಹಾದಿ ಸುಮಾರು 6 ಕಿಲೋಮೀಟರ್ ಉದ್ದ. ಅದರ ತುದಿಯಲ್ಲಿ ಪರಮ ವೇಗದಿಂದ ಒಮ್ಮೆಗೇ ನಿಧಾನಗತಿಗೆ ಇಳಿಯಬೇಕಾದ ತಿರುವು. ಡ್ರಮ್ ಬ್ರೇಕಿನ ಡ್ರಮ್ಮು ಕಾಯ್ದೊಡನೆ ಹಿಗ್ಗಿ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಕಾಲು ಇನ್ನಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ. ಡಿಸ್ಕಾದರೋ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಮೇಲಾಗಿ ಅದು ಬಯಲಿನಲ್ಲಿ ಗಾಳಿಗೆ ತೆರೆದುಕೊಂಡಿರುತ್ತದೆ. ಒಮ್ಮೆ ಮಾತ್ರ ನಿಲ್ಲಿಸುವ ಪಂದ್ಯವಾಗಿದ್ದರೆ ಜಾಗ್ವಾರಿಗೆ ಹೇಳಿಕೊಳ್ಳುವಂಥ ಮೇಲುಗೈ ದೊರೆಯುತ್ತಿರಲಿಲ್ಲ. ಹಗಲೂ ರಾತ್ರಿಯೂ, ಸುತ್ತಿನ ಮೇಲೆ ಸುತ್ತು, ಚಾಲಕನು ಅದೇ ಗುರುತಿನ ಬಳಿ ಅದೇ ನಂಬಿಕೆಯಿಂದ ಪೆಡಲ್ ಒತ್ತಬಹುದಾಗಿದ್ದುದೇ ಅದರ ದೊಡ್ಡ ಬಲ.

ಶಾಖವು ಬ್ರೇಕನ್ನು ಸೋಲಿಸುವ ಬಗೆಯನ್ನು ಹತ್ತಿರದಿಂದ ಕಂಡವನಿಗೆ, ಹಣವನ್ನು ಎಲ್ಲಿಂದ ಖರ್ಚು ಮಾಡತೊಡಗಬೇಕೆಂಬುದು ತಾನಾಗಿ ಹೊಳೆಯುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ. ಅನಂತರ ಎರಡರಲ್ಲಿ ಒಂದು ನಡೆಯುತ್ತದೆ: ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲಲೊಲ್ಲದೆ ಹೋದರೆ, ಪ್ಯಾಡು ತನ್ನ ಕಾವಿನ ಮೇರೆಯನ್ನು ಮೀರಿದೆಯೆಂದರ್ಥ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುವಂತೆ ಇಳಿದುಹೋದರೆ, ಬ್ರೇಕ್ ಆಯಿಲ್ ಕುದಿದಿದೆ. ಎರಡನೆಯದು ಅತಿ ಘೋರವಾದದ್ದು. ಏಕೆಂದರೆ ಕುದಿದ ದ್ರವದೊಳಗೆ ಹುಟ್ಟಿದ ಆವಿಯ ಗುಳ್ಳೆಗಳು ಒತ್ತಿದೊಡನೆ ಕುಗ್ಗುವುವೇ ಹೊರತು ಬಲವನ್ನು ಚಕ್ರದವರೆಗೆ ಒಯ್ಯವು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ಎಂಬ ದರ್ಜೆಯದು ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಸ್ಥಿತಿಯಲ್ಲಿ ಆ ಮೇರೆ 155ಕ್ಕೆ ಇಳಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಕ್ಯಾಲಿಪರಿನೊಳಗೆ ಕಪ್ಪಡರಿದ ಹಳೆಯ ಆಯಿಲ್ ತುಂಬಿಕೊಂಡಿದ್ದರೆ, ಆ ಕ್ಯಾಲಿಪರು ಸೋಲುವುದು ಅಗ್ಗದ ಆಯಿಲಿನ ದೆಸೆಯಿಂದಲೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದಕ್ಕೆ ತಗಲುವ ಖರ್ಚು, ಈ ಪ್ರಕರಣದ ಉಳಿದೆಲ್ಲ ಖರ್ಚುಗಳಿಗಿಂತ ಅಲ್ಪ. ಅದರ ಫಲ ಉಳಿದೆಲ್ಲಕ್ಕಿಂತ ನಿಶ್ಚಿತ.

ಟ್ರ್ಯಾಕಿಗೆ ಎಂದೂ ಹೋಗದ ನಾನು ಶಾಖಕ್ಕೆ ಏಕೆ ಅಂಜಬೇಕೆಂದು ಕೇಳಬಹುದು. ನಮ್ಮ ನಾಡಿನವರಿಗೆ ಅದರ ಉತ್ತರ ಘಾಟಿಯ ಇಳಿಜಾರಿನಲ್ಲಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹಾದಿಯಲ್ಲಿ ಕಾರು ಸುಮಾರು 500 ಮೀಟರ್ ಕೆಳಕ್ಕೆ ಬರುತ್ತದೆ. 1,500 ಕಿಲೋಗ್ರಾಮಿನ ಗಾಡಿ ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, 100 ಕಿಲೋಮೀಟರ್ ವೇಗದಿಂದ 12 ಬಾರಿ ಪೂರ್ತಿಯಾಗಿ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೂ ಮಿಗಿಲು. ಕಾಲನ್ನು ಬ್ರೇಕಿನ ಮೇಲೆಯೇ ಇರಿಸಿಕೊಂಡು ಇಳಿಯುವವನು ಈ ಹೊರೆಯನ್ನೆಲ್ಲ ಡಿಸ್ಕಿನ ಮೇಲೆಯೇ ಹೊರಿಸುತ್ತಾನೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೇಳಿಕೊಟ್ಟಂತೆ ಎರಡನೆಯ ಗೇರಿನಲ್ಲಿ ಬರುವವನಾದರೆ, ಅದರ ದೊಡ್ಡ ಪಾಲನ್ನು ಎಂಜಿನ್ನಿಗೆ ಒಪ್ಪಿಸಿ, ಬ್ರೇಕನ್ನು ಹೇರ್‌ಪಿನ್ ತಿರುವುಗಳಿಗಾಗಿ ತಣ್ಣಗೆ ಕಾಯ್ದಿರಿಸುತ್ತಾನೆ.

ಇನ್ನು, ಅವಿಚಾರದಿಂದ ಮಾಡಿದ ಬದಲಾವಣೆಯು ಕಾರನ್ನು ಮೊದಲಿಗಿಂತ ಕೆಡಿಸಬಲ್ಲದೆಂಬುದನ್ನು ಮಾರುವವರು ಹೇಳುವುದು ಅಪರೂಪ. ತಯಾರಕನು ಮುಂದಿನ ಚಕ್ರಗಳಿಗಿಷ್ಟು, ಹಿಂದಿನವಕ್ಕಿಷ್ಟು ಎಂದು ಬ್ರೇಕಿನ ಬಲವನ್ನು ತೂಗಿ ಹಂಚಿರುತ್ತಾನೆ. ಮುಂದೆ ಮಾತ್ರ ದೊಡ್ಡ ಡಿಸ್ಕು ಹಾಕಿಸಿದರೆ ಆ ಸಮತೋಲ ತಪ್ಪುತ್ತದೆ: ಮುಂದಿನ ಟಯರುಗಳು ಬೇಗನೆ ಹಿಡಿತದ ಮೇರೆಯನ್ನು ಮುಟ್ಟಿಬಿಡುತ್ತವೆ, ಹಿಂದಿನವು ತಮ್ಮ ಕೆಲಸವನ್ನು ಪೂರ್ತಿ ಮಾಡುವುದೇ ಇಲ್ಲ, ನಿಲ್ಲುವ ದೂರ ಹೆಚ್ಚಲೂಬಹುದು. ರೇಸಿಗೆಂದು ಮಾಡಿದ ಪ್ಯಾಡಂತೂ ಕಾಯ್ದ ಮೇಲಷ್ಟೇ ಕಚ್ಚತಕ್ಕದ್ದು. ಬೆಳಗಿನ ಹೊತ್ತು ತಣ್ಣಗಿನ ಕಾರನ್ನು ಬೀದಿಗೆ ಇಳಿಸಿದಾಗ ಮಗುವೊಂದು ಅಡ್ಡ ಬಂದರೆ, ಮಾರುತಿ ಕಾರಿನ ಸಾದಾ ಪ್ಯಾಡು ಅದಕ್ಕಿಂತ ಎಷ್ಟೋ ವಿಶ್ವಾಸಾರ್ಹ. ಈ ಒಂದು ವಿಷಯದಲ್ಲಿ ಕೊಳ್ಳುವವನ ಅಜ್ಞಾನವನ್ನು ಬಂಡವಾಳ ಮಾಡಿಕೊಳ್ಳುವ ವ್ಯಾಪಾರವನ್ನು ನಾನು ಅಕ್ಷಮ್ಯವೆಂದೇ ಎಣಿಸುತ್ತೇನೆ.

ಕಾರ್ಬನ್-ಸೆರಾಮಿಕ್ಕಿನ ಗುಣಗಳನ್ನು ಅಲ್ಲಗಳೆಯುವುದು ನ್ಯಾಯವಾಗದು. ಚಕ್ರದ ಬಳಿಯ ತೂಕ ಇಳಿದುದರಿಂದ ಕಾರು ಉಬ್ಬುತಗ್ಗುಗಳನ್ನು ಚುರುಕಾಗಿ ಅನುಸರಿಸುತ್ತದೆ, ಚುಕ್ಕಾಣಿ ಹಗುರಾಗುತ್ತದೆ. ತುಕ್ಕಿಲ್ಲ, ಚಕ್ರಕ್ಕೆ ಮೆತ್ತುವ ಕರಿಧೂಳು ಅತ್ಯಲ್ಪ. ರಸ್ತೆಯ ಬಳಕೆಯಲ್ಲಿ ಅದು ಬಹುಕಾಲ ಬಾಳುತ್ತದೆ. ಆದರೆ ಅದನ್ನು ಯಾವ ಟ್ರ್ಯಾಕಿಗಾಗಿ ಹೊಗಳುವರೋ ಆ ಟ್ರ್ಯಾಕಿನಲ್ಲಿಯೇ, ಎಡೆಬಿಡದ ಕಾವಿನಿಂದ ಅದರೊಳಗಿನ ಇಂಗಾಲದ ಎಳೆಗಳು ಕ್ರಮೇಣ ಉರಿದು ಕ್ಷಯಿಸುತ್ತವೆ. ಕಬ್ಬಿಣದ ಡಿಸ್ಕಿನ ಸವೆತವನ್ನು ದಪ್ಪ ಅಳೆದು ತಿಳಿಯುವರು; ಇದನ್ನಾದರೋ ಕಳಚಿ ತಕ್ಕಡಿಯಲ್ಲಿಡಬೇಕು, ಕನಿಷ್ಠ ತೂಕವೆಷ್ಟೆಂಬುದು ಡಿಸ್ಕಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ಕಡಿಮೆ ತೂಗಿದರೆ ಹೊಸದನ್ನೇ ಕೊಳ್ಳಬೇಕು. ಚಕ್ರ ಬಿಚ್ಚುವಾಗ ಕೈತಪ್ಪಿ ತಾಗಿದರೂ ಅದರ ಅಂಚು ಒಡೆಯುವ ಭಯವುಂಟು. ಆದ್ದರಿಂದಲೇ ಪದೇ ಪದೇ ಟ್ರ್ಯಾಕಿಗೆ ಹೋಗುವ ಅನೇಕರು, ಸೆರಾಮಿಕ್ ಡಿಸ್ಕುಗಳನ್ನು ಬಿಚ್ಚಿ ಮನೆಯಲ್ಲಿರಿಸಿ, ದೊಡ್ಡ ಕಬ್ಬಿಣದ ಡಿಸ್ಕುಗಳನ್ನು ಹಾಕಿಸಿಕೊಂಡು ಓಡಿಸುತ್ತಾರೆ. ಒಳ್ಳೆಯ ಟಯರು, ಹೊಸ ಆಯಿಲ್, ತಕ್ಕ ಪ್ಯಾಡು ಇವೆಲ್ಲವೂ ಇದ್ದು, ಆದರೂ ಕೆಲವೇ ಸುತ್ತುಗಳಲ್ಲಿ ಬ್ರೇಕು ಸೋಲುತ್ತಿರುವುದನ್ನು ಸ್ವತಃ ಅನುಭವಿಸಿದವನಿಗೆ ದೊಡ್ಡ ಡಿಸ್ಕು ಸಾರ್ಥಕವೆಂದು ನನ್ನ ನಿರ್ಣಯ. ಅಂಥವನಿಗೂ ಕಬ್ಬಿಣವೇ ಲೇಸು.

ಉಳಿದವರು ತಮ್ಮ ಹಣದ ಒಂದು ಪಾಲನ್ನು ಕಾಲಿನ ಶಿಕ್ಷಣಕ್ಕೆ ಮೀಸಲಿಡಬೇಕೆಂದು ಒತ್ತಿ ಹೇಳುತ್ತೇನೆ. ಮರ್ಸಿಡಿಸ್-ಬೆಂಜ್ ಕಂಪೆನಿಯ ಎಂಜಿನಿಯರುಗಳು, ಆಪತ್ತಿನಲ್ಲಿ ಬಹುಪಾಲು ಚಾಲಕರು ಪೆಡಲನ್ನು ಬೇಗನೆ ಒತ್ತಿದರೂ ಸಾಕಷ್ಟು ಬಲವಾಗಿ ಒತ್ತುವುದಿಲ್ಲವೆಂಬುದನ್ನು ಕಂಡುಕೊಂಡು, ಆ ಕೊರತೆಯನ್ನು ಯಂತ್ರದಿಂದಲೇ ತುಂಬಲು 1996ರಲ್ಲಿ ಬ್ರೇಕ್ ಅಸಿಸ್ಟ್ ಎಂಬ ಸಾಧನವನ್ನು ತಂದರು. ಹೀಗಿರಲಾಗಿ, ಇದ್ದ ಬ್ರೇಕಿನ ಪೂರ್ಣ ಶಕ್ತಿಯನ್ನೇ ಒಮ್ಮೆಯೂ ಬಳಸದವನಿಗೆ ಅದಕ್ಕಿಂತ ದೊಡ್ಡದು ಯಾತಕ್ಕೆ? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ಅಳುಕಿದರೆ 28 ಮೀಟರ್ ಕಳೆದುಹೋಗುತ್ತದೆ. ಯಾವ ಡಿಸ್ಕೂ ಅದನ್ನು ಮರಳಿ ಕೊಡಲಾರದು. ಚೆನ್ನೈಯ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಬಲ್ಲವರ ಕಣ್ಣೆದುರು, ಎಬಿಎಸ್ ಕಾಲಡಿಯಲ್ಲಿ ಗಡಗಡನೆ ಅದುರುವವರೆಗೆ ಪೆಡಲನ್ನು ಒತ್ತಿಹಿಡಿದು, ಚುಕ್ಕಾಣಿಯನ್ನು ತಿರುಗಿಸಿ, ತನ್ನ ಕಾರು ಎಲ್ಲಿ ನಿಲ್ಲುತ್ತದೆಂಬುದನ್ನು ಸ್ವತಃ ಅಳೆದು ನೋಡಿದವನು, ಇನ್ನೂ ದೊಡ್ಡ ಬ್ರೇಕು ತನಗೆ ಬೇಕೆ ಎಂಬುದನ್ನು ಯಾವ ಅಂಗಡಿಯವನನ್ನೂ ಕೇಳಬೇಕಾಗಿಲ್ಲ.