‘ಡೈ’ ಎಲ್ಲಿ ಹೋಯಿತು?

ನಾನು ಬಿ.ಎ., ಬಿ.ಇಡಿ. ಮಾಡಿದ ಕನ್ನಡ ಟೀಚರು. ರಸಾಯನಶಾಸ್ತ್ರದ ಗೊಡವೆ ನಿಮಗೇಕೆ ಎಂದು ಕೇಳಬಹುದು. ವಿಜ್ಞಾನದ ಮೇಷ್ಟ್ರು ರಜೆ ಹಾಕಿದ ದಿನ ಒಂಬತ್ತನೇ ತರಗತಿಗೆ ನನ್ನನ್ನು ಕಳಿಸಿದ್ದೇ ಇದಕ್ಕೆಲ್ಲ ಕಾರಣ.

ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡು ಆಕ್ಸಿಜನ್ ಇದೆ ಅಂತ ‘ಡೈ’ ಹಾಕ್ತೀವಿ. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲೂ ಎರಡು ಕ್ಲೋರಿನ್ ಇದೆಯಲ್ಲ, ಅಲ್ಲಿ ಯಾಕಿಲ್ಲ?”

ನನಗೆ ಗೊತ್ತಿರಲಿಲ್ಲ. “ಅದು ಹಾಗೇನೇ. ಬಾಯಿಪಾಠ ಮಾಡು, ಕೂತ್ಕೋ” ಎಂದೆ. ಮುಖ ಸಣ್ಣದು ಮಾಡಿಕೊಂಡು ಕೂತಳು. ‘ಅರಮನೆ’ ಯಾಕೆ ತತ್ಪುರುಷ ಎಂದು ಕೇಳಿದ್ದರೆ ಅರಸನ ಮನೆಯನ್ನು ಬಿಡಿಸಿ ತೋರಿಸುತ್ತಿದ್ದವಳು ನಾನು!

ಮನೆಗೆ ಬಂದು ಪುಸ್ತಕ ತೆರೆದೆ. ಕಾರಣ ಇತ್ತು. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನು ಕೊಡುತ್ತದೆ. ಕ್ಲೋರಿನ್ ಒಂದೊಂದೇ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬೇಕೇ ಬೇಕು. ದಂಪತಿ ಎಂದ ಮೇಲೆ ‘ಇಬ್ಬರು’ ಎಂದು ಸೇರಿಸಬೇಕೇ? ಕಾರ್ಬನ್ ಹಾಗಲ್ಲ. ಅದಕ್ಕೆ ಮಾನಾಕ್ಸೈಡೂ ಉಂಟು, ಡೈಆಕ್ಸೈಡೂ ಉಂಟು. ಎಣಿಸಿ ಹೇಳದಿದ್ದರೆ ಮುಚ್ಚಿದ ಕೋಣೆಯ ಇದ್ದಿಲ ಒಲೆಯ ವಿಷ ಯಾವುದು, ಸೋಡಾದ ಗುಳ್ಳೆ ಯಾವುದು ತಿಳಿಯದು.

ಕಬ್ಬಿಣದ ಕಥೆ ನಮಗೆ ಇನ್ನೂ ಹತ್ತಿರದ್ದು. ಎರಡು ಎಲೆಕ್ಟ್ರಾನು ಕೊಟ್ಟರೆ ಫೆರಸ್, ಮೂರು ಕೊಟ್ಟರೆ ಫೆರಿಕ್. ತುಕ್ಕಿನಲ್ಲಿರುವುದು ಫೆರಿಕ್. ರಕ್ತ ಕಡಿಮೆಯಾದ ಬಸುರಿಯರು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಫೆರಸ್ ಸಲ್ಫೇಟ್, ಏಕೆಂದರೆ ಫೆರಸ್ ಮೈಗೆ ಸುಲಭವಾಗಿ ಹತ್ತುತ್ತದೆ. ಕೊನೆಯ ಅಕ್ಷರದಲ್ಲಿ ಇಷ್ಟು ಅರ್ಥವಿದೆ. ನಮ್ಮ ಗೈಡುಗಳು ಅದನ್ನು ಪಟ್ಟಿ ಮಾಡಿ ಉರುಹೊಡೆಸುತ್ತವೆ.

1787ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಅವನ ಸಂಗಡಿಗರು ಈ ಹೆಸರುಗಳಿಗೆ ಕ್ರಮ ಕಟ್ಟಿದರು. ಹೆಸರು ಕೇಳಿದೊಡನೆ ಒಳಗೇನಿದೆ ಎಂದು ತಿಳಿಯಲಿ ಎಂಬುದೇ ಉದ್ದೇಶ. ಕ್ರಮವನ್ನು ಮುಚ್ಚಿಟ್ಟು ಹೆಸರನ್ನಷ್ಟೇ ಒಪ್ಪಿಸು ಎನ್ನುವುದು ಪಾಠವಲ್ಲ, ಸೋಮಾರಿತನ. ಸಿಲಬಸ್ ಮುಗಿಯಬೇಕಲ್ಲ ಎನ್ನುತ್ತಾರೆ. ಈ ಕಾರಣ ಹೇಳಲು ಐದು ನಿಮಿಷ ಸಾಕು. ಮರುದಿನ ಆ ಹುಡುಗಿಯನ್ನು ಕರೆದು ನಾನೇ ಹೇಳಿ ನೋಡಿದ್ದೇನೆ.

ಇಂಥ ‘ಕೂತ್ಕೋ’ಗಳನ್ನು ಕೇಳಿ ಕೇಳಿ ಎಷ್ಟು ಹೆಣ್ಣುಮಕ್ಕಳು “ಸೈನ್ಸ್ ನನಗೆ ಹತ್ತಲ್ಲ” ಎಂದು ಆರ್ಟ್ಸ್ ಸೇರಿದರೋ! ನಾನೂ ಅವರಲ್ಲೊಬ್ಬಳು. ಕನ್ನಡ ಓದಿದ್ದಕ್ಕೆ ದುಃಖವಿಲ್ಲ. ಹೆದರಿ ಬಂದೆನಲ್ಲ ಎಂಬುದಕ್ಕೆ ಇದೆ.

ತಾಯಂದಿರೇ, ಮಗಳು ಉಪ್ಪು-ಸೋಡಗಳ ಹೆಸರು ಒಪ್ಪಿಸಿದಾಗ ‘ಯಾಕೆ ಹಾಗೆ?’ ಎಂದೊಮ್ಮೆ ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ ಬೈಯಬೇಡಿ. ಆ ಪ್ರಶ್ನೆಯನ್ನು ಅವಳ ಕೈಯಲ್ಲೇ ಶಾಲೆಗೆ ಕಳಿಸಿ. ಉತ್ತರ ಕೊಡಬೇಕಾದವರು ನಾವು.