ಸಾಲ ಬಿಡೋದು ದಯೆಯಲ್ಲ, ಕರಾರು



ಸಾಲ ಮನ್ನಾದ ಮಾತು ಬಂದಾಗೆಲ್ಲ ಪ್ಯಾಟಿಯ ಶಾಣ್ಯಾರು ಒಂದೇ ಪಾಠ ಒಪ್ಪಿಸುತ್ತಾರೆ: ರೈತರಿಗೆ ಪುಕ್ಕಟೆ ರೂಢಿ ಬಿದ್ದದ, ಇದರಿಂದ ಧರ್ಮ ಕೆಡತದ. ಯಾವ ಧರ್ಮ ಸ್ವಾಮಿ? ಎರಡು ಸಾವಿರ ವರ್ಷಕ್ಕೂ ಹಿಂದಿನ ಯೆಹೂದ್ಯರ ಧರ್ಮಗ್ರಂಥ ತೆಗೆದು ನೋಡಿರಿ. ನಮ್ಮ ಕ್ರೈಸ್ತ ಬಂಧುಗಳು ಅದನ್ನು ಹಳೆಯ ಒಡಂಬಡಿಕೆ ಅನ್ನುತ್ತಾರೆ. ಒಡಂಬಡಿಕೆ ಅಂದರ ಕರಾರು.

ಅದು ಎಂಥ ಕರಾರು? ಮೋಶೆ ಅದನ್ನು ಎಲ್ಲಾ ಮಂದಿಯ ಮುಂದೆ ಓದಿ ಹೇಳಿದ, ಕೇಳಿದ ಮಂದಿ ಒಪ್ಪಿದರು. ಏಳು ವರ್ಷಕ್ಕೊಮ್ಮೆ ಹೆಂಗಸರು, ಮಕ್ಕಳು, ಪರದೇಶಿಗಳ ಸಮೇತ ಎಲ್ಲರಿಗೂ ಮತ್ತೆ ಓದಿ ಹೇಳಬೇಕು. ರಾಜನೂ ಅದರ ಪ್ರತಿ ಬರೆದಿಟ್ಟುಕೊಂಡು ದಿನಾ ಓದಬೇಕು. ಕಾನೂನಿಗಿಂತ ರಾಜ ದೊಡ್ಡವನಲ್ಲ. ನಮಗೆ ಕಬ್ಬಿನ ಕರಾರು ಯಾರು ಓದಿ ಹೇಳ್ಯಾರ? "ಇಲ್ಲಿ ಹೆಬ್ಬೆಟ್ಟು ಒತ್ತು" ಅಂದದ್ದಷ್ಟೇ!

ಅದರೊಳಗ ಬರೆದದ್ದು ಕೇಳಿರಿ. ಏಳನೆಯ ವರ್ಷ ಸಾಲ ಬಿಡಬೇಕು. ಬಡವನಿಂದ ಬಡ್ಡಿ ತಗೋಬಾರದು. ಬೀಸುಕಲ್ಲು ಅಡವು ಹಿಡಿಯಬಾರದು, ಅದು ಜೀವವನ್ನೇ ಅಡವು ಹಿಡಿದಂತೆ. ಒತ್ತೆ ಇಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗ ತಿರುಗಿ ಕೊಡಬೇಕು. ಐವತ್ತನೆಯ ವರ್ಷ ಮಾರಿದ ಹೊಲ ಮೂಲ ಮನೆತನಕ್ಕೆ ಮರಳಬೇಕು. ಯಾಕೆ? ನೀವು ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಬಿಡಿಸಿ ತಂದವನು ನಾನು, ಭೂಮಿ ನನ್ನದು ಎಂದು ಅವರ ದೇವರ ಮಾತು. ಗುಲಾಮಗಿರಿಯಿಂದ ಬಿಡುಗಡೆಯಾದವರು ಸಾಲದ ಹೆಸರಲ್ಲಿ ಮತ್ತೆ ಗುಲಾಮರಾಗಬಾರದು. ಇದು ದಯೆಯಲ್ಲ, ಕರಾರಿನ ಕಲಮು.

ಏಳನೆಯ ವರ್ಷ ಹತ್ತಿರ ಬಂತೆಂದು ಬಡವನಿಗೆ ಕೈ ಬಿಗಿಹಿಡಿಯುವುದು ಪಾಪ ಅಂತಲೂ ಅಲ್ಲಿ ಬರೆದದೆ. ಮನ್ನಾ ಆದ ಮರುವರ್ಷ ನನಗೆ ಹೊಸ ಸಾಲ ಇಲ್ಲವೆಂದ ಮ್ಯಾನೇಜರ ಸಾಹೇಬರಿಗೆ ಈ ಮಾತು ಓದಿ ಹೇಳಬೇಕಿತ್ತು.

ಆ ಕಾನೂನಿನಲ್ಲೂ ಹುಳುಕಿತ್ತು. ಪರದೇಶಿಯ ಸಾಲಕ್ಕೆ ಬಿಡುಗಡೆ ಇರಲಿಲ್ಲ, ಪರದೇಶಿ ಗುಲಾಮರಿಗೂ ಇರಲಿಲ್ಲ. ಐವತ್ತನೆಯ ವರ್ಷದ ಬಿಡುಗಡೆ ನಿಜಕ್ಕೂ ನಡೆಯಿತೇ ಎಂದು ಪಂಡಿತರೇ ಸಂಶಯ ಪಡುತ್ತಾರೆ. ಇರಲಿ. ಕಾಗದದ ಕಾನೂನು ತಾನಾಗಿ ಎದ್ದು ನಡೆಯೋದಿಲ್ಲ, ಅದೇ ನನ್ನ ಮಾತು. ನಮ್ಮಲ್ಲೇ ನೋಡಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ನನ್ನ ಬಿಲ್ ತಿಂಗಳುಗಟ್ಟಲೆ ತಡವಾಗಿ ಬಂದದ್ದುಂಟು, ಬಡ್ಡಿ ಮಾತ್ರ ಒಂದು ಪೈಸೆ ಕಂಡಿಲ್ಲ. ನನ್ನ ಸಾಲದ ಬಡ್ಡಿ ಒಂದು ದಿನವೂ ನಿಂತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ!

ಹಂಗಾದರ ಕಾನೂನು ನಡೆಯೋದು ಯಾವಾಗ? ಅದಕ್ಕೂ ಅದೇ ಗ್ರಂಥದಲ್ಲಿ ಉತ್ತರ ಅದೆ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಯೆಹೂದದ ಮಂದಿ ಬರಗಾಲದ ಕಾಳಿಗೆ ಹೊಲ, ಮನೆ ಅಡವಿಟ್ಟರು, ಪರ್ಷಿಯದ ರಾಜನ ತೆರಿಗೆಗೆ ಸಾಲ ಮಾಡಿದರು, ಮಕ್ಕಳನ್ನು ಜೀತಕ್ಕೆ ಬಿಟ್ಟರು. ಕಡೆಗೆ ಗಂಡಸರು, ಹೆಂಗಸರು ಕೂಡಿ ಕೂಗೆಬ್ಬಿಸಿದರು. ಅಧಿಪತಿ ನೆಹೆಮೀಯ ಸಿಟ್ಟಿಗೆದ್ದು ಸಾಲ ಕೊಟ್ಟ ದೊಡ್ಡವರ ವಿರುದ್ಧ ಸಭೆ ಕರೆದ, ತಾನೂ ತನ್ನವರೂ ಸಾಲ ಕೊಟ್ಟದ್ದನ್ನು ಅಲ್ಲೇ ಒಪ್ಪಿಕೊಂಡ. ಹೊಲಮನೆ, ಬಡ್ಡಿ ಇವತ್ತೇ ತಿರುಗಿ ಕೊಡಿರಿ ಅಂದ. ಅವರು ಹೂಂ ಅಂದರು. ಬರೀ ಹೂಂ ಸಾಲದೆಂದು ಯಾಜಕರನ್ನು ಕರೆಸಿ ಆಣೆ ಮಾಡಿಸಿದ. ತನ್ನ ಉಡಿ ಝಾಡಿಸಿ, ಮಾತು ತಪ್ಪಿದವನನ್ನು ದೇವರು ಹೀಗೇ ಝಾಡಿಸಲಿ ಅಂದ.

ಮಂದಿ ಕೂಗದೆ ಇದ್ದಿದ್ದರ ನೆಹೆಮೀಯನೂ ಏಳುತ್ತಿರಲಿಲ್ಲ. ನಮ್ಮ ಮಂದಿ 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು. ಕೂತ ಮೇಲೇ ಸರಕಾರ 3,300ರ ಮಾತಾಡಿತು. ಹಿಡಕಲ್ ಡ್ಯಾಮಿನ ನೀರು ಕಬ್ಬು ಬೆಳೆಸುತ್ತದೆ, ದರವನ್ನು ಬೆಳೆಸಬೇಕಾದವರು ನಾವು.

ಇನ್ನು ಮೇಲೆ ಕಾರ್ಖಾನೆಯ ಕರಾರನ್ನು ಹಂಗಾಮಿಗೆ ಮೊದಲು ಪ್ರತಿ ಊರ ಚಾವಡಿಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು. 15ನೆಯ ದಿನದಿಂದ ಬಡ್ಡಿಯ ಲೆಕ್ಕ ಬಿಲ್ಲಿನ ಮೇಲೇ ಬರೆಯಬೇಕು. ಓದದ ಕರಾರಿಗೆ ಹೆಬ್ಬೆಟ್ಟು ಒತ್ತಬ್ಯಾಡ್ರಿ.